ನಾಯ್ಸ್ ಪಿಎಸ್‌ಡಿ ಮತ್ತು ವೇರಿಯನ್ಸ್: ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ, ಹೆಜ್ಜೆ ಹೆಜ್ಜೆಯಾಗಿ

ಒಂದು ಸಲ ನನ್ನ ರಿಸೀವರ್ ಸಿಮ್ಯುಲೇಶನ್ ರಾತ್ರೋರಾತ್ರಿ 6 ಡೆಸಿಬೆಲ್ ಸುಧಾರಿಸಿಬಿಟ್ಟಿತು. ಅಲ್ಗಾರಿದಮ್‌ನ ಒಂದು ಸಾಲನ್ನೂ ನಾನು ಮುಟ್ಟಿರಲಿಲ್ಲ. ಗ್ರಾಫ್ ಚೆನ್ನಾಗಿ ಕಾಣಲಿ ಅಂತ ಸ್ಯಾಂಪಲಿಂಗ್ ರೇಟನ್ನು ನಾಲ್ಕು ಪಟ್ಟು ಮಾಡಿದ್ದೆ, ಅಷ್ಟೇ. ಎರಡು ದಿನ ಖುಷಿಯಲ್ಲೇ ಓಡಾಡಿದೆ. ಮೂರನೇ ದಿನ ಅನುಮಾನ ಬಂದು ಕೋಡ್ ತೆಗೆದು ನೋಡಿದರೆ, ನಾಯ್ಸ್‌ನ ವೇರಿಯನ್ಸ್ (ಸರಾಸರಿಯಿಂದ ಆಚೀಚೆ ಆಗುವುದರ ವರ್ಗದ ಸರಾಸರಿ) ಹಳೆಯದೇ ಇತ್ತು. ಅಷ್ಟೇ ನಾಯ್ಸ್ ಈಗ ನಾಲ್ಕು ಪಟ್ಟು ಅಗಲದ ಬ್ಯಾಂಡಿಗೆ ಹರಡಿಕೊಂಡಿತ್ತು. ಸಿಗ್ನಲ್ ಕೂತಿದ್ದ ಜಾಗದಲ್ಲಿ ಅದು ಕಾಲು ಭಾಗಕ್ಕೆ ತೆಳುವಾಗಿತ್ತು. ಕಾಲು ಭಾಗ ಅಂದರೆ ಸರಿಯಾಗಿ 6 ಡೆಸಿಬೆಲ್.

ಪವರ್ ಸ್ಪೆಕ್ಟ್ರಲ್ ಡೆನ್ಸಿಟಿಗೂ (ಪಿಎಸ್‌ಡಿ) ವೇರಿಯನ್ಸ್‌ಗೂ ಇರುವ ಸಂಬಂಧ ಒಂದೇ ಸಾಲಿನದು. ಆ ಒಂದು ಸಾಲು ಗೊತ್ತಿದ್ದೂ ಎಡವುವವರು ಜಾಸ್ತಿ. ಅದಕ್ಕೇ ಇಲ್ಲಿ ಸೂತ್ರಕ್ಕಿಂತ ಲೆಕ್ಕಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಪಕ್ಕದಲ್ಲಿ ಕಾಗದ, ಪೆನ್ನು ಇರಲಿ. ಎಫ್‌ಎಫ್‌ಟಿ ಅಂದರೆ ಏನು ಅಂತ ಮೇಲ್ಮೇಲೆ ಗೊತ್ತಿದ್ದರೂ ಸಾಕು.

## ಹೆಜ್ಜೆ 1: ಒಂದು ದರ, ಇನ್ನೊಂದು ಮೊತ್ತ

ಕಬ್ಬಿಣದ ಸರಳೊಂದರ ತೂಕ ಮೀಟರಿಗೆ 2 ಕೆಜಿ ಎಂದರೆ, ಪೂರ್ತಿ ಸರಳಿನ ತೂಕ ಎಷ್ಟು? ಉದ್ದ ಹೇಳದೆ ಉತ್ತರ ಬರುವುದಿಲ್ಲ, ಅಲ್ವಾ? ಪಿಎಸ್‌ಡಿ ಕೂಡ ಇಂಥದೇ ದರ. ಒಂದೊಂದು ಹರ್ಟ್ಜ್ ಅಗಲದಲ್ಲಿ ಎಷ್ಟು ನಾಯ್ಸ್ ಪವರ್ ಇದೆ ಅಂತ ಅದು ಹೇಳುತ್ತದೆ. ಅದರ ಯೂನಿಟ್ ವೋಲ್ಟ್²/ಹರ್ಟ್ಜ್. ವೇರಿಯನ್ಸ್ ಅಂದರೆ ಮೊತ್ತ, ಅದರ ಯೂನಿಟ್ ವೋಲ್ಟ್². ದರವನ್ನು ಅಗಲದಿಂದ ಗುಣಿಸಿದರೆ ಹರ್ಟ್ಜ್ ಹೊಡೆದುಹೋಗಿ ವೋಲ್ಟ್² ಉಳಿಯುತ್ತದೆ.

ದರ ಎಲ್ಲ ಕಡೆ ಒಂದೇ ಇರಬೇಕಿಲ್ಲ. ಒಂದು ಫ್ರೀಕ್ವೆನ್ಸಿಯಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ ಇರಬಹುದು. ಆಗ ಬರೀ ಗುಣಾಕಾರ ಸಾಲದು, ಇಂಟಿಗ್ರೇಶನ್ ಬೇಕು. ಆ ಒಂದು ಸಾಲು ಇಷ್ಟೇ:

ವೇರಿಯನ್ಸ್ = ಪಿಎಸ್‌ಡಿ ಗೆರೆಯ ಕೆಳಗಿನ ಒಟ್ಟು ಏರಿಯಾ

ಇದು ಎಲ್ಲಿಂದ ಬಂತು? ಸಿಗ್ನಲ್‌ನ ಆಟೋಕೋರಿಲೇಶನ್‌ಗೆ (ಇಷ್ಟು ಕಾಲದ ಅಂತರದಲ್ಲಿ ಸಿಗ್ನಲ್ ತನ್ನನ್ನೇ ಎಷ್ಟು ಹೋಲುತ್ತದೆ ಎಂಬ ಅಳತೆ) ಫೂರಿಯರ್ ಟ್ರಾನ್ಸ್‌ಫಾರ್ಮ್ ಹಾಕಿದರೆ ಪಿಎಸ್‌ಡಿ ಸಿಗುತ್ತದೆ. 1930ರಲ್ಲಿ ನಾರ್ಬರ್ಟ್ ವೀನರ್, 1934ರಲ್ಲಿ ಅಲೆಕ್ಸಾಂಡರ್ ಖಿಂಚಿನ್ ಇದನ್ನು ಗಟ್ಟಿ ಮಾಡಿದರು. 1914ರಲ್ಲೇ ಐನ್‌ಸ್ಟೀನ್ ಒಂದು ಪುಟ್ಟ ಟಿಪ್ಪಣಿಯಲ್ಲಿ ಇದರ ತಿರುಳು ಹೇಳಿದ್ದರು. ಟ್ರಾನ್ಸ್‌ಫಾರ್ಮನ್ನು ಹಿಂದಕ್ಕೆ ತಿರುಗಿಸಿ, ಕಾಲದ ಅಂತರವನ್ನು ಸೊನ್ನೆ ಮಾಡಿ. ಒಂದು ಕಡೆ ಸಿಗ್ನಲ್‌ನ ವರ್ಗದ ಸರಾಸರಿ ಉಳಿಯುತ್ತದೆ, ಇನ್ನೊಂದು ಕಡೆ ಪಿಎಸ್‌ಡಿಯ ಏರಿಯಾ. ಸರಾಸರಿ ಸೊನ್ನೆ ಇರುವ ನಾಯ್ಸ್‌ಗೆ ವರ್ಗದ ಸರಾಸರಿಯೇ ವೇರಿಯನ್ಸ್.

ಸರಾಸರಿ ಸೊನ್ನೆ ಇಲ್ಲದಿದ್ದರೆ? ಆ ಸರಾಸರಿ, ಅಂದರೆ ಡಿಸಿ ಭಾಗ, ಸೊನ್ನೆ ಹರ್ಟ್ಜ್‌ನಲ್ಲಿ ಒಂದು ಮೊಳೆಯಂತೆ ಎದ್ದು ನಿಲ್ಲುತ್ತದೆ. ಅದನ್ನೂ ಸೇರಿಸಿದರೆ ಸಿಗುವುದು ವೇರಿಯನ್ಸ್ ಅಲ್ಲ, ವೇರಿಯನ್ಸ್ ಮತ್ತು ಸರಾಸರಿಯ ವರ್ಗ ಎರಡೂ ಕೂಡಿದ ಮೊತ್ತ. ಹಾಗಾಗಿ ಮೊದಲು ಸರಾಸರಿ ಕಳೆದುಬಿಡಿ.

ಇನ್ನೊಂದು ಮಾತು. ಏರಿಯಾದಿಂದ ಗೆರೆಯ ಆಕಾರ ಸಿಗುವುದಿಲ್ಲ. ವೇರಿಯನ್ಸ್ ಒಂದೇ ಇರುವ ಎರಡು ನಾಯ್ಸ್‌ಗಳ ಪಿಎಸ್‌ಡಿ ಪೂರ್ತಿ ಬೇರೆ ಇರಬಹುದು. ವೇರಿಯನ್ಸ್‌ನಿಂದ ಪಿಎಸ್‌ಡಿಗೆ ಹೋಗಬೇಕಾದರೆ ಆಕಾರ ಮೊದಲೇ ಗೊತ್ತಿರಬೇಕು. ವೈಟ್ ನಾಯ್ಸ್ ಅಂದರೆ ಗೆರೆ ಚಪ್ಪಟೆ ಅಂತ ಗೊತ್ತು, ಅದಕ್ಕೇ ಅಲ್ಲಿ ಇದು ಸಲೀಸು. (ಚಪ್ಪಟೆ ಇರುವುದಕ್ಕೂ ಗಾಸಿಯನ್ ಆಗಿರುವುದಕ್ಕೂ ಸಂಬಂಧವಿಲ್ಲ. ಒಂದು ಸ್ಪೆಕ್ಟ್ರಮ್‌ನ ಮಾತು, ಇನ್ನೊಂದು ಬೆಲೆಗಳು ಹೇಗೆ ಹರಡಿವೆ ಎಂಬ ಮಾತು. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಹೇಳಿ ನಾವೇ ಗೊಂದಲ ಮಾಡಿಕೊಂಡಿದ್ದೇವೆ.)

## ಹೆಜ್ಜೆ 2: ನಾಲ್ಕು ಸ್ಯಾಂಪಲ್ ಇಟ್ಟುಕೊಂಡು ಕೈಲೆಕ್ಕ

ಇದನ್ನು ಓದಿ ದಾಟಬೇಡಿ, ಮಾಡಿ ನೋಡಿ. ಐದು ನಿಮಿಷದ ಕೆಲಸ.

ನಾಲ್ಕು ಸ್ಯಾಂಪಲ್ ತಗೊಳ್ಳೋಣ: 3, −1, 1, −3 ವೋಲ್ಟ್. ಸರಾಸರಿ ಸೊನ್ನೆ. ವರ್ಗಗಳು 9, 1, 1, 9. ಮೊತ್ತ 20, ನಾಲ್ಕರಿಂದ ಭಾಗಿಸಿದರೆ ವೇರಿಯನ್ಸ್ 5 ವೋಲ್ಟ್². ಸ್ಯಾಂಪಲಿಂಗ್ ರೇಟ್ 8 ಹರ್ಟ್ಜ್ ಇರಲಿ.

ಈಗ ನಾಲ್ಕು ಪಾಯಿಂಟ್‌ನ ಎಫ್‌ಎಫ್‌ಟಿ. ಅದರ ಒಂದೊಂದು ಫ್ರೀಕ್ವೆನ್ಸಿ ಖಾನೆಗೆ ಬಿನ್ ಅನ್ನುತ್ತಾರೆ. ಸೊನ್ನೆಯ ಬಿನ್‌ನಲ್ಲಿ ಎಲ್ಲ ಕೂಡಿದರೆ 0. ಒಂದನೇ ಬಿನ್‌ನಲ್ಲಿ ನಿಜ ಭಾಗ 2, ಕಾಲ್ಪನಿಕ ಭಾಗ −2, ಅಂದರೆ ಮ್ಯಾಗ್ನಿಟ್ಯೂಡ್‌ನ ವರ್ಗ 8. ಎರಡನೇ ಬಿನ್‌ನಲ್ಲಿ 3 + 1 + 1 + 3 = 8, ವರ್ಗ 64. ಮೂರನೇ ಬಿನ್ ಒಂದನೆಯದರ ಕನ್ನಡಿ ಬಿಂಬ, ವರ್ಗ ಮತ್ತೆ 8.

ಪಿಎಸ್‌ಡಿ ಮಾಡಲು ಪ್ರತಿಯೊಂದನ್ನೂ (ಸ್ಯಾಂಪಲಿಂಗ್ ರೇಟ್ × ಸ್ಯಾಂಪಲ್ ಸಂಖ್ಯೆ) ಇದರಿಂದ ಭಾಗಿಸಬೇಕು. ಇಲ್ಲಿ ಅದು 8 × 4 = 32. ಸಿಗುವುದು 0, 0.25, 2, 0.25. ಯೂನಿಟ್ ವೋಲ್ಟ್²/ಹರ್ಟ್ಜ್. ಒಂದು ಬಿನ್‌ನ ಅಗಲ 8 ÷ 4 = 2 ಹರ್ಟ್ಜ್.

ಏರಿಯಾ: (0 + 0.25 + 2 + 0.25) × 2 = 5. ವೇರಿಯನ್ಸ್ ಸಿಕ್ಕಿತು. ಸುಮಾರಾಗಿ ಅಲ್ಲ, ಕರಾರುವಾಕ್ಕಾಗಿ.

ಈಗ ಸ್ಯಾಂಪಲಿಂಗ್ ರೇಟನ್ನು 8000 ಹರ್ಟ್ಜ್ ಅಂದುಕೊಳ್ಳಿ, ಅದೇ ನಾಲ್ಕು ಅಂಕಿಗಳು. ಪಿಎಸ್‌ಡಿ ಸಾವಿರ ಪಟ್ಟು ಇಳಿಯುತ್ತದೆ, ಬಿನ್‌ನ ಅಗಲ ಸಾವಿರ ಪಟ್ಟು ಏರುತ್ತದೆ. ಏರಿಯಾ ಮತ್ತೆ 5. ಅಂಕಿಗಳಿಗೆ ಸ್ಯಾಂಪಲಿಂಗ್ ರೇಟ್ ಗೊತ್ತಿಲ್ಲ, ಅವುಗಳ ವೇರಿಯನ್ಸ್‌ಗೂ ಗೊತ್ತಿಲ್ಲ. ಪಿಎಸ್‌ಡಿಗೆ ಮಾತ್ರ ಗೊತ್ತು. ನನ್ನ ಆ 6 ಡೆಸಿಬೆಲ್‌ನ ಗುಟ್ಟು ಪೂರ್ತಿ ಇದೇ ಸಾಲಿನಲ್ಲಿದೆ.

## ಹೆಜ್ಜೆ 3: ಒಂದು ಕಡೆಯದಾ, ಎರಡು ಕಡೆಯದಾ?

ಮೇಲಿನ ಮೂರನೇ ಬಿನ್ ನಿಜಕ್ಕೂ ನೆಗೆಟಿವ್ ಫ್ರೀಕ್ವೆನ್ಸಿ, −2 ಹರ್ಟ್ಜ್. ರಿಯಲ್ ಸಿಗ್ನಲ್‌ನಲ್ಲಿ ನೆಗೆಟಿವ್ ಕಡೆ ಇರುವುದು ಪಾಸಿಟಿವ್ ಕಡೆಯದರ ನಕಲು. ಹಾಗಾಗಿ ಅಳತೆ ಮಾಡುವವರು ನೆಗೆಟಿವ್ ಭಾಗ ಎಸೆದು ಪಾಸಿಟಿವ್ ಭಾಗವನ್ನು ದುಪ್ಪಟ್ಟು ಮಾಡುತ್ತಾರೆ. ಇದು ಒಂದು ಕಡೆಯ ಪಿಎಸ್‌ಡಿ. ಎರಡೂ ಕಡೆ ಇಟ್ಟುಕೊಂಡರೆ ಎರಡು ಕಡೆಯದು.

ನಮ್ಮ ಉದಾಹರಣೆಯಲ್ಲಿ ಒಂದು ಕಡೆಯದು ಹೀಗಾಗುತ್ತದೆ: 0 ಹರ್ಟ್ಜ್‌ಗೆ 0, 2 ಹರ್ಟ್ಜ್‌ಗೆ 0.5, 4 ಹರ್ಟ್ಜ್‌ಗೆ 2. ಕೊನೆಯದನ್ನು ದುಪ್ಪಟ್ಟು ಮಾಡಿಲ್ಲ, ಗಮನಿಸಿ. ಸೊನ್ನೆಯ ಬಿನ್‌ಗೂ ನೈಕ್ವಿಸ್ಟ್ ಬಿನ್‌ಗೂ (ಸ್ಯಾಂಪಲಿಂಗ್ ರೇಟ್‌ನ ಅರ್ಧದಲ್ಲಿರುವುದು) ಜೋಡಿ ಇರುವುದಿಲ್ಲ. ಮರೆತು ಅದನ್ನೂ ದುಪ್ಪಟ್ಟು ಮಾಡಿದರೆ (0.5 + 4) × 2 = 9 ಬರುತ್ತದೆ. 5 ಇರಬೇಕಾದ ಕಡೆ 9. ಸಾವಿರ ಬಿನ್ ಇದ್ದರೆ ಈ ತಪ್ಪು ಕಾಣುವುದೇ ಇಲ್ಲ, ಅದಕ್ಕೇ ಎಷ್ಟೋ ಕೋಡ್‌ಗಳಲ್ಲಿ ಹಾಗೇ ಉಳಿದುಕೊಂಡಿರುತ್ತದೆ.

ಪುಸ್ತಕಗಳಲ್ಲಿ ಕಾಣುವ «ಎನ್-ಸೊನ್ನೆ ಬೈ ಎರಡು» ಎಂಬುದು ಎರಡು ಕಡೆಯ ಪಿಎಸ್‌ಡಿ. ಬರೀ ಎನ್-ಸೊನ್ನೆ ಅಂದರೆ ಒಂದು ಕಡೆಯದು. ಬ್ಯಾಂಡ್‌ವಿಡ್ತ್ ಇಷ್ಟು ಹರ್ಟ್ಜ್ ಅಂತ ಪಾಸಿಟಿವ್ ಕಡೆ ಮಾತ್ರ ಎಣಿಸಿದರೆ, ಎರಡರಲ್ಲೂ ಮೊತ್ತ ಎನ್-ಸೊನ್ನೆ × ಬ್ಯಾಂಡ್‌ವಿಡ್ತ್. ಕಾಂಪೊನೆಂಟ್‌ಗಳ ಡೇಟಾಶೀಟ್‌ನಲ್ಲಿ ಬರುವ ನ್ಯಾನೋವೋಲ್ಟ್ ಪರ್ ರೂಟ್ ಹರ್ಟ್ಜ್ ಒಂದು ಕಡೆಯದು. ಪೇಪರ್ ಓದುವಾಗ, ಕೋಡ್ ಬರೆಯುವಾಗ ಮೊದಲ ಸಾಲಿನಲ್ಲೇ ಇದು ಯಾವ ಕಡೆಯದು ಅಂತ ಬರೆದಿಡಿ. ಜಗತ್ತಿನ ಅರ್ಧ 3 ಡೆಸಿಬೆಲ್ ಜಗಳಗಳು ಇಲ್ಲೇ ಹುಟ್ಟುತ್ತವೆ ಅಂತ ನನ್ನ ನಂಬಿಕೆ.

## ಹೆಜ್ಜೆ 4: ಡೆನ್ಸಿಟಿ ಗೊತ್ತು, ವೇರಿಯನ್ಸ್ ಬೇಕು

ರೆಸಿಸ್ಟರ್‌ನಿಂದ ಶುರು ಮಾಡೋಣ. 1928ರಲ್ಲಿ ಬೆಲ್ ಲ್ಯಾಬ್ಸ್‌ನ ಜಾನ್ ಜಾನ್ಸನ್ ರೆಸಿಸ್ಟರ್‌ನ ನಾಯ್ಸ್ ಅಳೆದು ಪ್ರಕಟಿಸಿದರು, ಹ್ಯಾರಿ ನೈಕ್ವಿಸ್ಟ್ ಅದಕ್ಕೆ ಕಾರಣ ಕೊಟ್ಟರು. ಒಂದು ಕಡೆಯ ಪಿಎಸ್‌ಡಿ = 4 × ಬೋಲ್ಟ್ಸ್‌ಮನ್ ಸ್ಥಿರಾಂಕ × ತಾಪಮಾನ × ರೆಸಿಸ್ಟೆನ್ಸ್. ಸ್ಥಿರಾಂಕ 1.380649 × 10⁻²³ ಜೂಲ್/ಕೆಲ್ವಿನ್. 300 ಕೆಲ್ವಿನ್‌ನಲ್ಲಿ 1 ಕಿಲೋ ಓಮ್‌ಗೆ ಇದರ ವರ್ಗಮೂಲ ಸುಮಾರು 4.07 ನ್ಯಾನೋವೋಲ್ಟ್ ಪರ್ ರೂಟ್ ಹರ್ಟ್ಜ್. 20 ಕಿಲೋಹರ್ಟ್ಜ್ ಬ್ಯಾಂಡ್‌ನಲ್ಲಿ ಎಷ್ಟು ಆರ್‌ಎಂಎಸ್ (ವೇರಿಯನ್ಸ್‌ನ ವರ್ಗಮೂಲ)? 4.07 × √20000 = ಸುಮಾರು 576 ನ್ಯಾನೋವೋಲ್ಟ್.

ರೂಟ್ ಹರ್ಟ್ಜ್ ಎಂದರೆ ಹೆದರಬೇಕಿಲ್ಲ. ಅದು ಪಿಎಸ್‌ಡಿಯ ವರ್ಗಮೂಲ, ಅಷ್ಟೇ. ಆದರೆ ಒಂದು ನಿಯಮ ಮರೆಯಬೇಡಿ: ಕೂಡುವುದೇನಿದ್ದರೂ ವರ್ಗದಲ್ಲಿ ಕೂಡಬೇಕು. ಒಂದಕ್ಕೊಂದು ಸಂಬಂಧವಿಲ್ಲದ 3 ಮೈಕ್ರೋವೋಲ್ಟ್, 4 ಮೈಕ್ರೋವೋಲ್ಟ್ ನಾಯ್ಸ್ ಸೇರಿದರೆ 5 ಆಗುತ್ತದೆಯೇ ಹೊರತು 7 ಅಲ್ಲ.

ಈಗ ಕಷ್ಟದ ಭಾಗ. 20 ಕಿಲೋಹರ್ಟ್ಜ್‌ಗೆ ಗೋಡೆಯಂತೆ ಕತ್ತರಿಸುವ ಫಿಲ್ಟರ್ ಯಾರ ಬಳಿಯೂ ಇಲ್ಲ. ನಿಜವಾದ ಫಿಲ್ಟರ್‌ಗೆ ಇಳಿಜಾರು ಇರುತ್ತದೆ, ಆ ಇಳಿಜಾರಿನ ಕೆಳಗೂ ಏರಿಯಾ ಇರುತ್ತದೆ. ಫಿಲ್ಟರ್‌ನಿಂದ ಹೊರಬರುವ ಪಿಎಸ್‌ಡಿ = ಒಳಹೋದ ಪಿಎಸ್‌ಡಿ × ಗೇನ್‌ನ ವರ್ಗ. ಇದನ್ನು ಇಂಟಿಗ್ರೇಟ್ ಮಾಡಿ, ಅಷ್ಟೇ ಏರಿಯಾ ಕೊಡುವ ಚೌಕಾಕಾರದ ಫಿಲ್ಟರ್ ಕಲ್ಪಿಸಿಕೊಂಡರೆ ಅದರ ಅಗಲವೇ ನಾಯ್ಸ್ ಬ್ಯಾಂಡ್‌ವಿಡ್ತ್. ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಇರುವ ಒಂದು ಪೋಲ್‌ನ ಆರ್‌ಸಿ ಫಿಲ್ಟರ್‌ಗೆ ಇದು 3 ಡೆಸಿಬೆಲ್ ಫ್ರೀಕ್ವೆನ್ಸಿಯ (ಪವರ್ ಅರ್ಧಕ್ಕಿಳಿಯುವ ಜಾಗ) 1.57 ಪಟ್ಟು. ಎರಡನೇ ಆರ್ಡರ್ ಬಟರ್‌ವರ್ತ್ ಫಿಲ್ಟರ್‌ಗೆ 1.11 ಪಟ್ಟು.

10 ನ್ಯಾನೋವೋಲ್ಟ್ ಪರ್ ರೂಟ್ ಹರ್ಟ್ಜ್‌ನ ಆಪ್-ಆಂಪ್ (ಆಂಪ್ಲಿಫೈಯರ್ ಚಿಪ್) ಆದಮೇಲೆ 100 ಕಿಲೋಹರ್ಟ್ಜ್‌ನ ಆರ್‌ಸಿ ಫಿಲ್ಟರ್ ಇದೆ ಅನ್ನಿ. ಸುಮ್ನೆ 100 ಕಿಲೋಹರ್ಟ್ಜ್ ಹಾಕಿದರೆ 3.16 ಮೈಕ್ರೋವೋಲ್ಟ್. ಸರಿಯಾಗಿ 157 ಕಿಲೋಹರ್ಟ್ಜ್ ಹಾಕಿದರೆ 3.96. ಕಾಲು ಪಾಲು ವ್ಯತ್ಯಾಸ.

ಇಲ್ಲೇ ನನಗೆ ತುಂಬ ಇಷ್ಟದ ಒಂದು ಲೆಕ್ಕ ಇದೆ. ಆರ್‌ಸಿ ಫಿಲ್ಟರ್‌ನ ನಾಯ್ಸ್ ಬ್ಯಾಂಡ್‌ವಿಡ್ತನ್ನು ಬಿಡಿಸಿ ಬರೆದರೆ 1 ÷ (4 × ರೆಸಿಸ್ಟೆನ್ಸ್ × ಕೆಪಾಸಿಟೆನ್ಸ್). ಆ ರೆಸಿಸ್ಟರ್‌ನದೇ ಪಿಎಸ್‌ಡಿಯಿಂದ ಗುಣಿಸಿ. 4 ಹೋಯಿತು, ರೆಸಿಸ್ಟೆನ್ಸೂ ಹೋಯಿತು! ಉಳಿದದ್ದು ಬೋಲ್ಟ್ಸ್‌ಮನ್ ಸ್ಥಿರಾಂಕ × ತಾಪಮಾನ ÷ ಕೆಪಾಸಿಟೆನ್ಸ್. ರೆಸಿಸ್ಟರ್ ದೊಡ್ಡದಾದಷ್ಟೂ ಗೆರೆ ಎತ್ತರವಾಗುತ್ತದೆ, ಅಷ್ಟೇ ಪ್ರಮಾಣದಲ್ಲಿ ಕಿರಿದಾಗುತ್ತದೆ, ಏರಿಯಾ ಅಲ್ಲಾಡುವುದಿಲ್ಲ. 1 ಪಿಕೋಫ್ಯಾರಡ್‌ಗೆ 300 ಕೆಲ್ವಿನ್‌ನಲ್ಲಿ ಸುಮಾರು 64 ಮೈಕ್ರೋವೋಲ್ಟ್ ಆರ್‌ಎಂಎಸ್. ಬೇಕಾದ ರೆಸಿಸ್ಟರ್ ಹಾಕಿಕೊಳ್ಳಿ, ಅಷ್ಟೇ.

ಡಿಜಿಟಲ್ ಫಿಲ್ಟರ್‌ಗೆ ಇದಕ್ಕಿಂತ ಸುಲಭ. ಒಳಗೆ ಹೋಗುವುದು ವೈಟ್ ನಾಯ್ಸ್ ಆಗಿದ್ದರೆ, ಹೊರಗಿನ ವೇರಿಯನ್ಸ್ = ಒಳಗಿನ ವೇರಿಯನ್ಸ್ × ಕೋಎಫಿಶಿಯೆಂಟ್‌ಗಳ ವರ್ಗಗಳ ಮೊತ್ತ. 0.25, 0.5, 0.25 ಫಿಲ್ಟರ್‌ಗೆ ಅದು 0.375. ಹದಿನಾರು ಸ್ಯಾಂಪಲ್‌ನ ಮೂವಿಂಗ್ ಆವರೇಜ್‌ಗೆ 1/16. ನಾಯ್ಸ್ ವೈಟ್ ಅಲ್ಲದಿದ್ದರೆ ಈ ಶಾರ್ಟ್‌ಕಟ್ ನಡೆಯುವುದಿಲ್ಲ, ಮತ್ತೆ ಏರಿಯಾಗೇ ಬರಬೇಕು.

ಗೆರೆ ಚಪ್ಪಟೆ ಇಲ್ಲದಿದ್ದಾಗಿನ ಮುಖ್ಯ ಉದಾಹರಣೆ ಒನ್-ಬೈ-ಎಫ್ ನಾಯ್ಸ್. ಫ್ರೀಕ್ವೆನ್ಸಿ ಕಡಿಮೆಯಾದಂತೆ ಗೆರೆ ಏರುತ್ತದೆ. ಚಪ್ಪಟೆ ಭಾಗಕ್ಕೆ ಸಮವಾಗುವ ಜಾಗ ಕಾರ್ನರ್ ಫ್ರೀಕ್ವೆನ್ಸಿ. ಇದರ ಏರಿಯಾ = ಚಪ್ಪಟೆ ಭಾಗದ ಡೆನ್ಸಿಟಿ × ಕಾರ್ನರ್ × (ಮೇಲಿನ, ಕೆಳಗಿನ ಫ್ರೀಕ್ವೆನ್ಸಿಗಳ ಅನುಪಾತದ ನ್ಯಾಚುರಲ್ ಲಾಗ್). ಅದೇ ಆಪ್-ಆಂಪ್‌ಗೆ ಕಾರ್ನರ್ 100 ಹರ್ಟ್ಜ್ ಇರಲಿ. 0.1ರಿಂದ 10 ಹರ್ಟ್ಜ್‌ವರೆಗೆ ಒನ್-ಬೈ-ಎಫ್‌ನ ಪಾಲು 100 × 4.605 = 460.5, ಚಪ್ಪಟೆಯ ಪಾಲು ಬರೀ 9.9. ಕೂಡಿ, 10⁻¹⁶ರಿಂದ (10 ನ್ಯಾನೋವೋಲ್ಟ್‌ನ ವರ್ಗ, ಅಂದರೆ ಚಪ್ಪಟೆ ಭಾಗದ ಡೆನ್ಸಿಟಿ) ಗುಣಿಸಿ, ವರ್ಗಮೂಲ ತೆಗೆದರೆ 0.217 ಮೈಕ್ರೋವೋಲ್ಟ್. ಇಲ್ಲಿ ಒನ್-ಬೈ-ಎಫ್‌ದೇ ದರ್ಬಾರು. 157 ಕಿಲೋಹರ್ಟ್ಜ್‌ವರೆಗೆ ತೆಗೆದುಕೊಂಡರೆ ಅದರ ಪಾಲು ಸುಮಾರು 1427, ಚಪ್ಪಟೆಯದು 157000. ನೂರಕ್ಕೆ ಒಂದೂ ಇಲ್ಲ. ಲಾಗ್ ಸ್ಕೇಲಿನ ಗ್ರಾಫ್‌ನಲ್ಲಿ ಎಡಗಡೆಯ ಆ ಏರು ನೋಡಿ ಗಾಬರಿಯಾಗುವ ಮೊದಲು ಏರಿಯಾ ಹಾಕಿ ನೋಡಿ. ಕಣ್ಣಿಗೆ ಅರ್ಧ ಗ್ರಾಫ್‌ನಷ್ಟು ಕಂಡದ್ದು ಲೆಕ್ಕದಲ್ಲಿ ಎಲ್ಲೂ ಇರುವುದಿಲ್ಲ.

## ಹೆಜ್ಜೆ 5: ಸಿಮ್ಯುಲೇಶನ್‌ಗೆ ನಾಯ್ಸ್ ತಯಾರು ಮಾಡುವುದು

ಕಾಗದದ ಮೇಲಿನ ವೈಟ್ ನಾಯ್ಸ್‌ಗೆ ಬ್ಯಾಂಡ್‌ವಿಡ್ತ್ ಅನಂತ, ಹಾಗಾಗಿ ವೇರಿಯನ್ಸ್ ಕೂಡ ಅನಂತ. ಕಂಪ್ಯೂಟರ್‌ಗೆ ಅನಂತ ಕೊಡಲಾಗುವುದಿಲ್ಲ. ಸ್ಯಾಂಪಲ್ ಮಾಡಿದ ಲೋಕದಲ್ಲಿ ಇರುವ ಅಗಲ ಸ್ಯಾಂಪಲಿಂಗ್ ರೇಟ್‌ನ ಅರ್ಧ ಮಾತ್ರ. ಆದ್ದರಿಂದ:

ಸ್ಯಾಂಪಲ್‌ನ ವೇರಿಯನ್ಸ್ = ಒಂದು ಕಡೆಯ ಪಿಎಸ್‌ಡಿ × ಸ್ಯಾಂಪಲಿಂಗ್ ರೇಟ್ ÷ 2

ಎರಡು ಕಡೆಯ ಪಿಎಸ್‌ಡಿ ಕೈಲಿದ್ದರೆ 2ರಿಂದ ಭಾಗಿಸುವುದು ಬೇಡ. 10 ನ್ಯಾನೋವೋಲ್ಟ್ ಪರ್ ರೂಟ್ ಹರ್ಟ್ಜ್ ಬೇಕು, ರೇಟ್ 1 ಮೆಗಾಹರ್ಟ್ಜ್ ಅಂದರೆ: 10⁻¹⁶ × 500000 = 5 × 10⁻¹¹ ವೋಲ್ಟ್². ವರ್ಗಮೂಲ 7.07 ಮೈಕ್ರೋವೋಲ್ಟ್. ಇದನ್ನು ರ್‍ಯಾಂಡಮ್ ನಂಬರ್ ಜನರೇಟರ್‌ನ ಔಟ್‌ಪುಟ್‌ಗೆ ಗುಣಿಸಿ. ಇಲ್ಲೂ ಒಂದು ಎಡವಟ್ಟು ಕಾದಿರುತ್ತದೆ: ಹೆಚ್ಚಿನ ಫಂಕ್ಷನ್‌ಗಳು ಕೇಳುವುದು ಸ್ಟ್ಯಾಂಡರ್ಡ್ ಡೀವಿಯೇಶನ್ (ವೇರಿಯನ್ಸ್‌ನ ವರ್ಗಮೂಲ), ವೇರಿಯನ್ಸ್ ಅಲ್ಲ.

ರೇಟ್ 4 ಮೆಗಾಹರ್ಟ್ಜ್ ಮಾಡಿದರೆ ಸ್ಟ್ಯಾಂಡರ್ಡ್ ಡೀವಿಯೇಶನ್ 14.14 ಮೈಕ್ರೋವೋಲ್ಟ್ ಆಗಬೇಕು. ನಾನು 7.07ರಲ್ಲೇ ಬಿಟ್ಟಿದ್ದೆ. ಈಗ ನನ್ನ ಕೋಡ್‌ನಲ್ಲಿ ವೇರಿಯನ್ಸ್ ಅಂತ ಪ್ರತ್ಯೇಕ ವೇರಿಯಬಲ್ಲೇ ಇಲ್ಲ. ಪಿಎಸ್‌ಡಿ ಮತ್ತು ಸ್ಯಾಂಪಲಿಂಗ್ ರೇಟ್ ಎರಡನ್ನೇ ಮೇಲೆ ಬರೆದು, ವೇರಿಯನ್ಸ್ ಅಲ್ಲಿಂದಲೇ ಲೆಕ್ಕವಾಗುವಂತೆ ಇಟ್ಟಿದ್ದೇನೆ.

ಕಾಂಪ್ಲೆಕ್ಸ್ ಬೇಸ್‌ಬ್ಯಾಂಡ್ (ರೇಡಿಯೋ ಸಿಗ್ನಲನ್ನು ಸೊನ್ನೆ ಹರ್ಟ್ಜ್ ಸುತ್ತ ಇಳಿಸಿ, ಐ ಎಂಬ ನಿಜ ಭಾಗ, ಕ್ಯೂ ಎಂಬ ಕಾಲ್ಪನಿಕ ಭಾಗವಾಗಿ ಬರೆಯುವ ರೀತಿ) ಆದರೆ ಸ್ವಲ್ಪ ಬೇರೆ. ಪವರ್ ಬದಲಾಗದ ಸ್ಕೇಲಿಂಗ್ ಬಳಸಿದಾಗ ಒಟ್ಟು ವೇರಿಯನ್ಸ್ ಎನ್-ಸೊನ್ನೆ × ಸ್ಯಾಂಪಲಿಂಗ್ ರೇಟ್. ಅದರ ಅರ್ಧ ಐ ಚಾನೆಲ್‌ಗೆ, ಅರ್ಧ ಕ್ಯೂ ಚಾನೆಲ್‌ಗೆ. ಎರಡಕ್ಕೂ ಪೂರ್ತಿ ಪೂರ್ತಿ ಕೊಟ್ಟರೆ ಬಿಟ್ ಎರರ್ ರೇಟ್ ಗೆರೆ 3 ಡೆಸಿಬೆಲ್ ಬಲಕ್ಕೆ ಸರಿದು ಕೂರುತ್ತದೆ.

ಪುಸ್ತಕದಲ್ಲಿ «ಡಿಸ್ಕ್ರೀಟ್ ವೈಟ್ ನಾಯ್ಸ್‌ನ ಪಿಎಸ್‌ಡಿ ಅದರ ವೇರಿಯನ್ಸ್‌ಗೆ ಸಮ» ಅಂತ ಓದಿ ತಲೆ ಕೆಟ್ಟಿದೆಯಾ? ಯೂನಿಟ್ಟೇ ಬೇರೆ ಇರುವ ಎರಡು ಹೇಗೆ ಸಮವಾದೀತು? ಅಲ್ಲಿ ಫ್ರೀಕ್ವೆನ್ಸಿಯನ್ನು ಹರ್ಟ್ಜ್‌ನಲ್ಲಿ ಎಣಿಸಿಲ್ಲ. ಒಂದು ಸ್ಯಾಂಪಲ್‌ಗೆ ಎಷ್ಟು ಸುತ್ತು ಅಂತ ಎಣಿಸಿದ್ದಾರೆ. ಆ ಅಕ್ಷ −0.5ರಿಂದ 0.5ರವರೆಗೆ, ಅಂದರೆ ಒಟ್ಟು ಅಗಲ 1. ಅಗಲ 1 ಇದ್ದರೆ ಎತ್ತರ ಮತ್ತು ಏರಿಯಾದ ಅಂಕಿ ಒಂದೇ. ಹರ್ಟ್ಜ್‌ಗೆ ಬರಲು ಸ್ಯಾಂಪಲಿಂಗ್ ರೇಟ್‌ನಿಂದ ಭಾಗಿಸಿ. ಅಕ್ಷ ರೇಡಿಯನ್‌ನಲ್ಲಿದ್ದರೆ ಇಂಟಿಗ್ರಲ್‌ನ ಹಿಂದೆ 2πರಿಂದ ಭಾಗಿಸಿದ್ದಾರೋ ಇಲ್ಲವೋ ಅಂತಲೂ ನೋಡಿ.

## ಹೆಜ್ಜೆ 6: ಇಲ್ಲಿ ಯಾವುದು ಅಲುಗದೆ ನಿಂತಿದೆ ಅಂತ ಕೇಳಿ

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಯಾವುದೇ ಹೊಸ ನಾಯ್ಸ್ ಎದುರಾದಾಗ ನಾನು ಮೊದಲು ಕೇಳಿಕೊಳ್ಳುವುದೂ ಇದನ್ನೇ: ಸ್ಯಾಂಪಲಿಂಗ್ ರೇಟ್ ಬದಲಾದರೆ ಡೆನ್ಸಿಟಿ ಹಾಗೇ ಉಳಿಯುತ್ತದಾ, ವೇರಿಯನ್ಸ್ ಹಾಗೇ ಉಳಿಯುತ್ತದಾ?

ಆಂಟಿ-ಏಲಿಯಸಿಂಗ್ ಫಿಲ್ಟರ್ (ಸ್ಯಾಂಪಲ್ ಮಾಡುವ ಮೊದಲೇ ರೇಟ್‌ನ ಅರ್ಧಕ್ಕಿಂತ ಮೇಲಿನದನ್ನು ತಡೆಯುವುದು, ಇಲ್ಲದಿದ್ದರೆ ಅದು ಮಡಚಿಕೊಂಡು ಒಳಬರುತ್ತದೆ) ಸರಿಯಾಗಿ ಹಾಕಿರುವ ಥರ್ಮಲ್ ನಾಯ್ಸ್‌ನಲ್ಲಿ, ಅಂದರೆ ಮೇಲಿನ ರೆಸಿಸ್ಟರ್ ನಾಯ್ಸ್‌ನಲ್ಲಿ, ಡೆನ್ಸಿಟಿ ಸ್ಥಿರ. ಭೌತಶಾಸ್ತ್ರ ಕೊಟ್ಟದ್ದೇ ಡೆನ್ಸಿಟಿಯನ್ನು. ರೇಟ್ ಮತ್ತು ಫಿಲ್ಟರ್ ಅಗಲವಾದರೆ ವೇರಿಯನ್ಸ್ ಏರಬೇಕು.

ಎಡಿಸಿಯ (ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್) ಕ್ವಾಂಟೈಸೇಶನ್ ನಾಯ್ಸ್, ಅಂದರೆ ಹತ್ತಿರದ ಮೆಟ್ಟಿಲಿಗೆ ಸರಿಸುವಾಗ ಆಗುವ ತಪ್ಪು, ತದ್ವಿರುದ್ಧ. ಸಿಗ್ನಲ್ ಸಾಕಷ್ಟು ಓಡಾಡುತ್ತಿದ್ದರೆ ಅದರ ವೇರಿಯನ್ಸ್ ಒಂದು ಮೆಟ್ಟಿಲಿನ ವರ್ಗದ 12ನೇ ಒಂದು ಭಾಗ. ಸೆಕೆಂಡಿಗೆ ಸಾವಿರ ಸಲ ಅಳೆಯಿರಿ, ಕೋಟಿ ಸಲ ಅಳೆಯಿರಿ, ಮೆಟ್ಟಿಲಿನ ಎತ್ತರ ಅದೇ. ಇಲ್ಲಿ ವೇರಿಯನ್ಸ್ ಸ್ಥಿರ. ರೇಟ್ ನಾಲ್ಕು ಪಟ್ಟು ಮಾಡಿದರೆ ಅದೇ ಏರಿಯಾ ನಾಲ್ಕು ಪಟ್ಟು ಅಗಲಕ್ಕೆ ಹರಡುತ್ತದೆ, ಡೆನ್ಸಿಟಿ ಕಾಲು ಭಾಗವಾಗುತ್ತದೆ. ಆಮೇಲೆ ಡಿಜಿಟಲ್ ಫಿಲ್ಟರ್‌ನಿಂದ ಹಳೆಯ ಬ್ಯಾಂಡ್ ಮಾತ್ರ ಉಳಿಸಿಕೊಂಡರೆ ವೇರಿಯನ್ಸ್ ಕಾಲು ಭಾಗ, ಅಂದರೆ 6 ಡೆಸಿಬೆಲ್, ಅಂದರೆ ಒಂದು ಬಿಟ್ ಲಾಭ. ನನ್ನ ಸಿಮ್ಯುಲೇಶನ್‌ನಲ್ಲಿ ಸುಳ್ಳಾಗಿದ್ದ ಅದೇ 6 ಡೆಸಿಬೆಲ್ ಇಲ್ಲಿ ನಿಜ! ಲೆಕ್ಕ ಒಂದೇ. ಬೇರೆಯಾದದ್ದು ಯಾವುದು ಸ್ಥಿರ ಎಂಬುದು ಮಾತ್ರ.

ಕೆಪಾಸಿಟರ್ ಮೇಲೆ ಸ್ವಿಚ್‌ನಿಂದ ಸ್ಯಾಂಪಲ್ ಮಾಡುವಾಗಲೂ ಹೀಗೇ. ಆ 64 ಮೈಕ್ರೋವೋಲ್ಟ್ ಎಷ್ಟೋ ಮೆಗಾಹರ್ಟ್ಜ್ ಅಗಲದಲ್ಲಿ ಹರಡಿತ್ತು. ಸ್ಯಾಂಪಲ್ ಮಾಡಿದ ಕೂಡಲೇ ಎಲ್ಲ ಮಡಚಿಕೊಂಡು ರೇಟ್‌ನ ಅರ್ಧದೊಳಕ್ಕೆ ಬಂದು ಕೂರುತ್ತದೆ. ಏಲಿಯಸಿಂಗ್‌ನಿಂದ ವೇರಿಯನ್ಸ್ ಕಡಿಮೆಯಾಗುವುದಿಲ್ಲ, ಡೆನ್ಸಿಟಿ ಮಾತ್ರ ದಪ್ಪಗಾಗುತ್ತದೆ.

ಆವರೇಜ್ ಮಾಡುವಾಗಲೂ ಇದೇ ಪ್ರಶ್ನೆ ಕೈ ಹಿಡಿಯುತ್ತದೆ. ಒಂದು ಸೆಕೆಂಡು ಆವರೇಜ್ ಮಾಡಿದರೆ ನಾಯ್ಸ್ ಬ್ಯಾಂಡ್‌ವಿಡ್ತ್ ಅರ್ಧ ಹರ್ಟ್ಜ್. 10 ನ್ಯಾನೋವೋಲ್ಟ್ ಪರ್ ರೂಟ್ ಹರ್ಟ್ಜ್‌ನ ಚಪ್ಪಟೆ ನಾಯ್ಸ್ 7.07 ನ್ಯಾನೋವೋಲ್ಟ್‌ಗೆ ಇಳಿಯುತ್ತದೆ. ಆ ಒಂದು ಸೆಕೆಂಡಿನಲ್ಲಿ ಇನ್ನಷ್ಟು ಸ್ಯಾಂಪಲ್ ತುರುಕಿದರೆ? ಮೊದಲೇ ಫಿಲ್ಟರ್ ಆಗಿರುವ ನಾಯ್ಸ್‌ನಲ್ಲಿ ಪಕ್ಕಪಕ್ಕದ ಸ್ಯಾಂಪಲ್‌ಗಳು ಒಂದನ್ನೊಂದು ಹೋಲುತ್ತವೆ, ಏನೂ ಸಿಗುವುದಿಲ್ಲ. ಲೆಕ್ಕಕ್ಕೆ ಬರುವುದು ಕಾಲ, ಸಂಖ್ಯೆ ಅಲ್ಲ.

## ಹೆಜ್ಜೆ 7: ಅಳೆದು ತಾಳೆ ನೋಡುವುದು

ಕೈಯಲ್ಲಿ ಡೇಟಾ ಇದೆ, ಪಿಎಸ್‌ಡಿ ಬೇಕು. ಇಡೀ ಡೇಟಾಗೆ ಒಂದೇ ಎಫ್‌ಎಫ್‌ಟಿ ಹಾಕಿ ವರ್ಗ ಮಾಡಿದರೆ ಪೀರಿಯೋಡೋಗ್ರಾಮ್ ಸಿಗುತ್ತದೆ. ನೋಡಲು ಹುಲ್ಲು ಬೆಳೆದಂತಿರುತ್ತದೆ. ಗಾಸಿಯನ್ ನಾಯ್ಸ್‌ನಲ್ಲಿ ಒಂದೊಂದು ಬಿನ್‌ನ ಅಲುಗಾಟ ಅದರ ನಿಜ ಬೆಲೆಯಷ್ಟೇ ಇರುತ್ತದೆ, ಡೇಟಾ ಎಷ್ಟೇ ಉದ್ದ ಇದ್ದರೂ ಅದು ಕಡಿಮೆಯಾಗುವುದಿಲ್ಲ. ತಮಾಷೆ ಅಂದರೆ, ಹೀಗೆ ಒಂದೊಂದು ಬಿನ್ ನೂರಕ್ಕೆ ನೂರು ತಪ್ಪಿದ್ದರೂ ಏರಿಯಾ ಮಾತ್ರ ಡೇಟಾದ ವೇರಿಯನ್ಸ್‌ಗೆ ಕರಾರುವಾಕ್ಕಾಗಿ ಸಮ. ಹೆಜ್ಜೆ 2ರಲ್ಲಿ ನೋಡಿದ್ದು ಅದನ್ನೇ, ಪಾರ್ಸೆವಾಲ್ ಸೂತ್ರ.

ಗೆರೆ ನಯವಾಗಬೇಕಾದರೆ ಪೀಟರ್ ವೆಲ್ಚ್ 1967ರಲ್ಲಿ ಹೇಳಿದ ದಾರಿ: ಡೇಟಾವನ್ನು ತುಂಡು ಮಾಡಿ, ಪ್ರತಿ ತುಂಡಿಗೂ ವಿಂಡೋ (ತುಂಡಿನ ಎರಡೂ ತುದಿಗಳನ್ನು ಮೆಲ್ಲಗೆ ತಗ್ಗಿಸುವ ಗುಣಕಗಳು) ಹಾಕಿ, ಪೀರಿಯೋಡೋಗ್ರಾಮ್‌ಗಳ ಸರಾಸರಿ ತೆಗೆಯುವುದು. ಒಂದಕ್ಕೊಂದು ಸಂಬಂಧವಿಲ್ಲದ ನೂರು ತುಂಡು ಇದ್ದರೆ ಅಲುಗಾಟ ನೂರಕ್ಕೆ ಹತ್ತಕ್ಕೆ ಇಳಿಯುತ್ತದೆ. ವಿಂಡೋ ಹಾಕಿದಾಗ ಪವರ್ ಸ್ವಲ್ಪ ಸೋರುತ್ತದೆ. ಅದನ್ನು ಸರಿದೂಗಿಸಲು ತುಂಡಿನ ಉದ್ದದ ಬದಲು ವಿಂಡೋದ ವರ್ಗಗಳ ಮೊತ್ತದಿಂದ ಭಾಗಿಸಬೇಕು. ಹ್ಯಾನ್ ವಿಂಡೋಗೆ ಈ ಮೊತ್ತ ಉದ್ದದ 3/8.

ಪೈಥಾನ್‌ನ ಸೈಪೈ ಲೈಬ್ರರಿಯ ವೆಲ್ಚ್ ಫಂಕ್ಷನ್ ಏನೂ ಹೇಳದಿದ್ದರೆ ಹ್ಯಾನ್ ವಿಂಡೋ, 256ರ ತುಂಡು, ಡೆನ್ಸಿಟಿ ಸ್ಕೇಲಿಂಗ್ ಬಳಸುತ್ತದೆ. ರಿಯಲ್ ಡೇಟಾಗೆ ಒಂದು ಕಡೆಯ ಪಿಎಸ್‌ಡಿ ಕೊಡುತ್ತದೆ, ತುಂಡು ತುಂಡಿನ ಸರಾಸರಿಯನ್ನೂ ತಾನೇ ಕಳೆಯುತ್ತದೆ. ಮ್ಯಾಟ್‌ಲ್ಯಾಬ್‌ನ ಪಿವೆಲ್ಚ್ ಹ್ಯಾಮಿಂಗ್ ವಿಂಡೋ ಹಾಕಿ ಡೇಟಾವನ್ನು ಎಂಟು ತುಂಡು ಮಾಡುತ್ತದೆ. ಎರಡರಲ್ಲೂ ಸ್ಯಾಂಪಲಿಂಗ್ ರೇಟ್ ಕೊಡಲು ಮರೆಯಬೇಡಿ. ಕೊಡದಿದ್ದರೂ ಅವು ಜಗಳವಾಡದೆ ಒಂದು ಅಂಕಿ ಕೊಟ್ಟೇ ಕೊಡುತ್ತವೆ.

ಗ್ರಾಫ್‌ನಲ್ಲಿ ಕಾಣುವ ನಾಯ್ಸ್ ನೆಲದ ಮಟ್ಟವನ್ನೇ ಸಿಗ್ನಲ್-ಟು-ನಾಯ್ಸ್ ಅಂದುಕೊಳ್ಳುವವರೂ ಇದ್ದಾರೆ. ಆದರ್ಶ 12 ಬಿಟ್ ಎಡಿಸಿಗೆ ಫುಲ್ ಸ್ಕೇಲ್ ಸೈನ್ ಕೊಟ್ಟರೆ ಅದು 74 ಡೆಸಿಬೆಲ್. 8192 ಪಾಯಿಂಟ್ ಎಫ್‌ಎಫ್‌ಟಿಯನ್ನು ವಿಂಡೋ ಇಲ್ಲದೆ ಹಾಕಿದರೆ ನೆಲ ಕಾಣುವುದು 110 ಡೆಸಿಬೆಲ್ ಕೆಳಗೆ. ಆ ಹೆಚ್ಚುವರಿ 36 ಡೆಸಿಬೆಲ್ ಎಡಿಸಿಯ ಗುಣವಲ್ಲ. ನಾಯ್ಸನ್ನು 4096 ಬಿನ್‌ಗಳಿಗೆ ಹಂಚಿದ ಪರಿಣಾಮ. ಎಲ್ಲ ಬಿನ್ ಕೂಡಿದರೆ 74ಕ್ಕೇ ವಾಪಸ್ ಬರುತ್ತೀರಿ.

## ಏರಿಯಾ ತಾಳೆಯಾಗದಿದ್ದರೆ

ಪಿಎಸ್‌ಡಿ ಬರೆದ ತಕ್ಷಣ ಎಲ್ಲ ಬಿನ್ ಕೂಡಿ, ಬಿನ್‌ನ ಅಗಲದಿಂದ ಗುಣಿಸಿ, ಡೇಟಾದ ವೇರಿಯನ್ಸ್ ಪಕ್ಕ ಇಟ್ಟು ನೋಡಿ. ಒಂದೇ ಸಾಲಿನ ಕೋಡ್. ಏರಿಯಾವನ್ನು ವೇರಿಯನ್ಸ್‌ನಿಂದ ಭಾಗಿಸಿ. 1ರ ಹತ್ತಿರ ಬಂದರೆ ಸರಿ. ಬರದಿದ್ದರೆ ಆ ಅನುಪಾತವೇ ಕಳ್ಳನ ಹೆಸರು ಹೇಳುತ್ತದೆ.

2 ಅಥವಾ 0.5 ಬಂದರೆ ಒಂದು ಕಡೆ, ಎರಡು ಕಡೆಯ ಗೊಂದಲ. 0.375 ಬಂದರೆ ಹ್ಯಾನ್ ವಿಂಡೋ ಹಾಕಿ ಉದ್ದದಿಂದ ಭಾಗಿಸಿದ್ದೀರಿ. ಬಿನ್‌ನ ಅಗಲದ 1.5 ಪಟ್ಟು ಬಂದರೆ ಹ್ಯಾನ್ ಜೊತೆ ಡೆನ್ಸಿಟಿ ಬದಲು ಸ್ಪೆಕ್ಟ್ರಮ್ ಸ್ಕೇಲಿಂಗ್ ಸೇರಿಕೊಂಡಿದೆ, ಅದು ಸೈನ್ ತುದಿಯ ಎತ್ತರ ಓದಲು ಇರುವುದು. 6.28 ಅಥವಾ 0.159 ಬಂದರೆ ರೇಡಿಯನ್. ಸ್ಯಾಂಪಲಿಂಗ್ ರೇಟ್‌ನಷ್ಟೇ ದೊಡ್ಡ ಅಂಕಿ ಬಂದರೆ ಫಂಕ್ಷನ್‌ಗೆ ಅದನ್ನು ಕೊಡಲು ಮರೆತು, ಅಗಲ ಮಾತ್ರ ಹರ್ಟ್ಜ್‌ನಲ್ಲಿ ಹಾಕಿದ್ದೀರಿ. ತುಂಡಿನ ಉದ್ದದಷ್ಟೇ ಬಂದರೆ ಎಫ್‌ಎಫ್‌ಟಿಯ ಭಾಗಾಕಾರ ಬಿಟ್ಟುಹೋಗಿದೆ.

ಈ ಯಾವ ಅಂಕಿಯೂ ಅಲ್ಲದೆ 0.8, 0.6 ಹೀಗೆ ಬಂದರೆ, ಅದೂ ತುಂಡಿನ ಉದ್ದ ಬದಲಿಸಿದಂತೆಲ್ಲ ಬದಲಾಗುತ್ತಿದ್ದರೆ, ಸ್ಕೇಲಿಂಗ್ ಹುಡುಕುತ್ತಾ ಕೂರಬೇಡಿ. ನಿಧಾನವಾದ ಡ್ರಿಫ್ಟ್ ಅಥವಾ ಒನ್-ಬೈ-ಎಫ್ ಇದೆ. ತುಂಡಿನ ಸರಾಸರಿ ಕಳೆಯುವಾಗ ಅದೂ ಜೊತೆಗೆ ಹೋಗಿಬಿಡುತ್ತಿದೆ. ಸೊನ್ನೆಯ ಪಕ್ಕದ ಎರಡು ಬಿನ್ ನೋಡಿ, ಎತ್ತರಕ್ಕೆ ನಿಂತಿರುತ್ತವೆ.